ಸೂದ್ ಸಾಹೇಬರ ಹೆಸರಿನ ಉಗುಳು

ನಂಬಬೇಡಿ. ತಲೆಗೂದಲಿಗೆ ಬಣ್ಣ ಹಚ್ಚುವ, ಜೂನ್ ತಿಂಗಳ ದೆಹಲಿಯಲ್ಲೂ ಟೈ ಬಿಚ್ಚದ, ಜೀವಮಾನದಲ್ಲಿ ಒಂದು ಸಿಗರೇಟು ಮುಟ್ಟದ ಡಾಕ್ಟರೊಬ್ಬರು ನನ್ನ ಕೈಚಳಕದಿಂದ ಒಂದು ಮಧ್ಯಾಹ್ನದ ಮಟ್ಟಿಗೆ ಸಿಗರೇಟು ಬಿಡಲಾರದವರೂ ಆದರು, ಬಸುರಿಯೂ ಆದರು ಎಂದರೆ ಯಾರು ನಂಬುತ್ತಾರೆ? ನನ್ನ ಹೆಂಡತಿಯೇ ನಂಬಲಿಲ್ಲ. ಅವಳು ನಾನು ಹಾಲು ತಂದೆ ಎಂದರೂ ಪಾತ್ರೆಯ ಮುಚ್ಚಳ ತೆಗೆದು ನೋಡುವವಳು, ಆ ಮಾತು ಬೇರೆ.

ಇದರಲ್ಲಿ ಒಂದು ಸುಳ್ಳಿದೆ. ಒಂದೇ ಒಂದು. ತಾಕತ್ತಿದ್ದರೆ ಹಿಡಿಯಿರಿ. ಉಳಿದದ್ದೆಲ್ಲ ನಡೆದದ್ದು.

ನನ್ನ ಹೆಸರು ಹನುಮಂತಪ್ಪ. ದಾವಣಗೆರೆ ಕಡೆಯವನು. ದೆಹಲಿಯವರ ನಾಲಿಗೆಗೆ ಇಷ್ಟುದ್ದದ ಹೆಸರು ದಕ್ಕದೆ ಮೊದಲ ದಿನವೇ ‘ಹನುಮಾನ್ ಜೀ’ ಆದೆ. ನಾನು ಕೆಲಸ ಮಾಡಿದ್ದು ದೊಡ್ಡ ಆಸ್ಪತ್ರೆಯೊಂದರ ತಂಬಾಕು ಬಿಡಿಸುವ ವಿಭಾಗದಲ್ಲಿ, ಲ್ಯಾಬ್ ಟೆಕ್ನಿಷಿಯನ್ ಆಗಿ. ಸರಳವಾಗಿ ಹೇಳಬೇಕೆಂದರೆ ಜನರ ಉಗುಳು ಹಿಡಿಯುವ ಕೆಲಸ. ಇಡೀ ಶಹರ ಗೋಡೆಗೆ, ಮೆಟ್ಟಿಲಿಗೆ, ಲಿಫ್ಟಿನ ಮೂಲೆಗೆ ಪುಕ್ಕಟೆಯಾಗಿ ಉಗಿಯುವುದನ್ನು ನಾನು ಟ್ಯೂಬಿನಲ್ಲಿ ಹಿಡಿದು ಸಂಬಳ ಎಣಿಸಿದೆ. ನನಗಿಂತ ಜಾಣ ಇದ್ದರೆ ತೋರಿಸಿ.

ಈ ಕೆಲಸಕ್ಕೆ ಹೊಸದಾಗಿ ಬರುವ ಹುಡುಗ ಹುಡುಗಿಯರೇ, ಯಂತ್ರ ನಡೆಸುವುದನ್ನು ನಿಮಗೆ ಕಾಲೇಜಿನಲ್ಲಿ ಕಲಿಸಿರುತ್ತಾರೆ. ಟ್ಯೂಬು ಕೈಗೆ ಕೊಟ್ಟು ಎದುರಿಗೆ ನಿಂತ ಮನುಷ್ಯನನ್ನು ನಗಿಸುವುದನ್ನು ಯಾರೂ ಕಲಿಸಿರುವುದಿಲ್ಲ. ಉಗಿ ಎಂದು ಎದುರಿಗೆ ನಿಂತರೆ ಯಾರಿಗೂ ಬಾಯಲ್ಲಿ ನೀರು ಬರುವುದಿಲ್ಲ, ಒಣಗಿ ಹೋಗುತ್ತದೆ. ನಗಿಸಿದರೆ ಬರುತ್ತದೆ. ನನ್ನ ಮುಂದೆ ಕೂತವರಲ್ಲಿ ನಗದೆ ಎದ್ದು ಹೋದವರು ಯಾರೂ ಇಲ್ಲ. ಕಡತದಲ್ಲಿ ಇಲ್ಲದ ನನ್ನ ದಾಖಲೆ ಅದು.

ನಾನು ಸೇರಿದಾಗ ಈ ಪರೀಕ್ಷೆ ಇರಲಿಲ್ಲ. ಆಗ ಇದ್ದದ್ದು ಭಯ. ಬಾಗಿಲ ಬಳಿ ಗಾಜಿನ ಜಾಡಿಯಲ್ಲಿ ಕಪ್ಪಗಾದ ಶ್ವಾಸಕೋಶವೊಂದನ್ನು ಇಟ್ಟಿದ್ದರು. ಹೊಸಬರು ಬಂದು ಅದನ್ನೇ ದಿಟ್ಟಿಸುತ್ತಿದ್ದರೆ ನಾನು ಹತ್ತಿರ ಹೋಗಿ, “ಈ ಕುರ್ಚಿಯಲ್ಲಿ ನನಗಿಂತ ಮುಂಚೆ ಕೂರುತ್ತಿದ್ದವರದು, ಒಳ್ಳೆ ಮನುಷ್ಯ” ಎನ್ನುತ್ತಿದ್ದೆ. ಒಬ್ಬ ಗುತ್ತಿಗೆದಾರರು ಅದಕ್ಕೆ ಕೈಮುಗಿದು ಹೋದರು. ಭಯ ಮೆಟ್ಟಿಲು ಇಳಿಯುವ ತನಕ ಇರುತ್ತಿತ್ತು. ಗೇಟಿನಾಚೆ ಬೀಡಿ ಅಂಗಡಿ ಇತ್ತು. ಜಾಡಿ ನೋಡಿ ಹೆದರಿದವರೇ ಹೆದರಿಕೆ ಕಳೆಯಲು ಅಲ್ಲಿ ಬೀಡಿ ಹಚ್ಚುತ್ತಿದ್ದರು. ಅದನ್ನು ನಾನು ಕಿಟಕಿಯಿಂದ ನೋಡುತ್ತಿದ್ದೆ.

ಆಮೇಲೆ ತೋಳಿಗೆ ಅಂಟಿಸುವ ನಿಕೋಟಿನ್ ಪಟ್ಟಿ ಬಂತು. ಎಲ್ಲರಿಗೂ ಅದೇ ಪಟ್ಟಿ. ಕೆಲವರು ಅಂಟಿಸಿಕೊಂಡು ಆರಾಮಾಗಿ ಬಿಟ್ಟರು. ಕೆಲವರು ಅದೇ ಪಟ್ಟಿಯನ್ನು ತೋಳಲ್ಲಿಟ್ಟುಕೊಂಡು ಸಿಗರೇಟು ಸೇದುತ್ತಾ ಬಂದರು. ಕೈ ನಡುಗಿಸಿಕೊಂಡು, ಹೆಂಡತಿಯ ಮೇಲೆ ರೇಗಿಕೊಂಡು, ನಿದ್ದೆಯಿಲ್ಲದ ಕಣ್ಣು ಹೊತ್ತುಕೊಂಡು. ಅವರ ಕಡತದಲ್ಲಿ ವಿಭಾಗದ ಮುಖ್ಯಸ್ಥರಾದ ಡಾಕ್ಟರ್ ಸೂದ್ ಒಂದೇ ಸಾಲು ಬರೆಯುತ್ತಿದ್ದರು: ಇಚ್ಛಾಶಕ್ತಿ ಸಾಲದು. ಆ ಸಾಲಿನ ಕೆಳಗೆ ಎಷ್ಟು ಜನ ಹೋದರೋ. ಕೆಲವರು ಮತ್ತೆ ಬಂದದ್ದು ಕೆಳಗಿನ ಮಹಡಿಯ ಕ್ಯಾನ್ಸರ್ ವಾರ್ಡಿಗೆ. ಲಿಫ್ಟಿನಲ್ಲಿ ಸಿಕ್ಕರೆ ನನ್ನ ಮುಖ ನೋಡುತ್ತಿರಲಿಲ್ಲ, ಪರೀಕ್ಷೆಯಲ್ಲಿ ಫೇಲಾದ ಮಕ್ಕಳ ಹಾಗೆ.

ಸೂದ್ ಸಾಹೇಬರು ಕೆಟ್ಟವರಲ್ಲ. ಶಿಸ್ತಿನ ಮನುಷ್ಯ. ಚಹಾ ಕುಡಿಯುವುದನ್ನೇ ಚಟ ಎನ್ನುತ್ತಿದ್ದರು. ಅಂಥವರ ಕೈಕೆಳಗೆ ನನ್ನಂಥವನು ಇದ್ದರೆ ಇಬ್ಬರಲ್ಲಿ ಒಬ್ಬರು ಹಾಳಾಗಲೇಬೇಕು. ನಾನು ಹಾಳಾಗಲಿಲ್ಲ.

ಮುಂದೆ ಒಂದು ದಿನ ಸೂದ್ ಸಾಹೇಬರು ಯಾವುದೋ ತರಬೇತಿಗೆ ಹೋಗಿ ಬಂದವರು, ಇನ್ನು ಮೇಲೆ ಎಲ್ಲರ ಉಗುಳು ಹಿಡಿಯಬೇಕು ಎಂದರು. ಅದರಲ್ಲಿರುವ ವಿಷಯ ಕಷ್ಟದ್ದಲ್ಲ. ದೆಹಲಿಯಲ್ಲಿ ಮನೆ ಮಾಡಿದವರಿಗೆ ತಾರಸಿಯ ಮೇಲಿನ ನೀರಿನ ಟ್ಯಾಂಕು ಗೊತ್ತಲ್ಲ? ಬೆಳಿಗ್ಗೆ ನೀರು ಬಂದಾಗ ಎರಡು ಮನೆಯವರೂ ಮೋಟಾರು ಹಾಕಿ ತುಂಬಿಸುತ್ತಾರೆ. ಒಂದು ಮನೆಯಲ್ಲಿ ಸಂಜೆಯ ತನಕ ನೀರಿರುತ್ತದೆ. ಇನ್ನೊಂದರಲ್ಲಿ ಮಧ್ಯಾಹ್ನಕ್ಕೆ ಖಾಲಿ, ಬಕೆಟ್ ಹಿಡಿದು ಓಡಾಟ. ನಿಕೋಟಿನ್ನೂ ಹಾಗೆಯೇ. ಸೇದಿದ್ದನ್ನು ಲಿವರ್ ಒಡೆದು ಬೇರೆ ವಸ್ತು ಮಾಡುತ್ತದೆ, ಆ ವಸ್ತುವನ್ನು ಮತ್ತೆ ಒಡೆದು ಮೂರನೆಯದು ಮಾಡುತ್ತದೆ. ಉಗುಳಿನಲ್ಲಿ ಎರಡನೆಯದಕ್ಕೆ ಮೂರನೆಯದು ಎಷ್ಟಿದೆ ಎಂದು ಯಂತ್ರ ಅಳೆದು ಕೊಟ್ಟರೆ ಈ ಮನುಷ್ಯನ ಟ್ಯಾಂಕು ಎಷ್ಟು ಬೇಗ ಬರಿದಾಗುತ್ತದೆ ಎಂದು ಗೊತ್ತಾಗುತ್ತದೆ. ಬೇಗ ಬರಿದಾಗುವವರು ಹೆಚ್ಚು ಸೇದುತ್ತಾರೆ, ಕಣ್ಣು ಬಿಟ್ಟ ತಕ್ಷಣ ಮುಖ ತೊಳೆಯುವ ಮೊದಲೇ ಹುಡುಕುತ್ತಾರೆ, ಬಿಟ್ಟರೆ ಹೆಚ್ಚು ಒದ್ದಾಡುತ್ತಾರೆ. ಅವರಿಗೆ ಪಟ್ಟಿ ಸಾಲುವುದು ಕಡಿಮೆ, ಮಾತ್ರೆ ವಾಸಿ. ನಿಧಾನದವರಿಗೆ ಪಟ್ಟಿಯೇ ಸಾಕು.

ನನ್ನದನ್ನೂ ಪರೀಕ್ಷೆ ಮಾಡಿಸಿದೆ. ನಾನು ಮದುವೆಯ ವರ್ಷ ಬೀಡಿ ಬಿಟ್ಟವನು. ಒಂದೇ ಏಟಿಗೆ ಬಿಟ್ಟೆ, ಗಂಡಸು ಅಂದರೆ ನಾನು ಎಂದು ಹೇಳಿಕೊಂಡು ತಿರುಗಿದವನು. ವರದಿ ನೋಡಿ ಸೂದ್ ಸಾಹೇಬರು ಆ ವರ್ಷದ ಒಂದೇ ಒಂದು ನಗು ನಕ್ಕರು. “ಹನುಮಾನ್ ಜೀ, ನಿಮ್ಮ ಲಿವರ್ ಸರ್ಕಾರಿ ನೌಕರ. ಬೆಳಿಗ್ಗೆ ಕೊಟ್ಟ ಫೈಲು ಸಂಜೆಯಾದರೂ ಮೇಜಿನ ಮೇಲೇ ಇರುತ್ತೆ. ಇದರಲ್ಲಿ ನಿಮ್ಮ ಪರಾಕ್ರಮ ಏನೂ ಇಲ್ಲ.” ಆದರೂ ನಾನು ಹೇಳಿಕೊಳ್ಳುವುದನ್ನು ಬಿಡಲಿಲ್ಲ. ಬೀಡಿಗಿಂತ ಅದು ಕಷ್ಟ.

ಹೊಸ ಪರೀಕ್ಷೆಗೆ ಹೊಸ ತಲೆನೋವು. ನಮ್ಮ ಜನಕ್ಕೆ ಲ್ಯಾಬ್ ಎಂದರೆ ಖಾಲಿ ಹೊಟ್ಟೆ. ಸಕ್ಕರೆ ನೋಡಲು ಉಪವಾಸ ಬರುವ ಹಾಗೆ, ಇದಕ್ಕೂ ನಾಲ್ಕಾರು ದಿನ ಸೇದದೆ, ಸ್ನಾನ ಮಾಡಿ, ಹಣೆಗೆ ತಿಲಕ ಇಟ್ಟು ಬರುತ್ತಿದ್ದರು. ಅಷ್ಟು ದಿನ ಬಿಟ್ಟರೆ ಉಗುಳಿನಲ್ಲಿ ಅಳೆಯಲು ಏನೂ ಉಳಿದಿರುವುದಿಲ್ಲ. ಆ ದಿನಗಳನ್ನು ಹಲ್ಲು ಕಚ್ಚಿ ಕಳೆದು ಬಂದವರಿಗೆ, “ಹೋಗಿ ಸೇದಿಕೊಂಡು ಬನ್ನಿ” ಎಂದು ಕಳಿಸಬೇಕಾಗುತ್ತಿತ್ತು. ಕೊನೆಗೆ ನಾನೇ ಹಿಂದಿಯಲ್ಲಿ ಬೋರ್ಡು ಬರೆದು ಬಾಗಿಲಿಗೆ ಹಾಕಿದೆ: ದಯವಿಟ್ಟು ಸಿಗರೇಟು ಬಿಡದೆ ಬನ್ನಿ. ತಪಾಸಣೆಗೆ ಬಂದ ದೊಡ್ಡ ಅಧಿಕಾರಿಯೊಬ್ಬರು ‘ತಂಬಾಕು ಬಿಡಿಸುವ ವಿಭಾಗ’ ಎಂಬ ಫಲಕದ ಕೆಳಗೆ ಇದನ್ನು ಓದಿ, ಫೋಟೋ ತೆಗೆದುಕೊಂಡು, ಒಳಗೂ ಬರದೆ ಹೋದರು. ನನಗೆ ಮೆಮೊ ಬಂತು. ಅದರ ಪ್ರತಿ ಈಗಲೂ ಇದೆ, ಫ್ರೇಮು ಹಾಕಿಸಿ, ಮದುವೆ ಫೋಟೋ ಪಕ್ಕದಲ್ಲಿ.

ಚಾಣಕ್ಯಪುರಿಯ ಅತಿಥಿಗೃಹದಲ್ಲಿ ಇಳಿದುಕೊಂಡಿದ್ದ ನಮ್ಮ ಕಡೆಯ ಅಧಿಕಾರಿಯೊಬ್ಬರಿಗೆ ಹೆಂಡತಿಯ ಒತ್ತಾಯಕ್ಕೆ ಪರೀಕ್ಷೆ ಆಗಬೇಕಿತ್ತು. ದೆಹಲಿಯಲ್ಲಿ ಸಾಹೇಬರ ಪರವಾಗಿ ಡ್ರೈವರು ಸಾಲಿನಲ್ಲಿ ನಿಲ್ಲುತ್ತಾನೆ, ಬಿಲ್ಲು ಕಟ್ಟುತ್ತಾನೆ. ಇವರು ಉಗಿಯಲಿಕ್ಕೂ ಅವನನ್ನೇ ಕಳಿಸಿದರು. ಅವನು ಎಲೆಯಡಿಕೆಯನ್ನೂ ಮುಟ್ಟದವನು. ವರದಿ ಬಂತು. ನಾನು ಫೋನು ಮಾಡಿ, “ಸಾರ್, ಕಂಗ್ರಾಚುಲೇಷನ್ಸ್. ನೀವು ಹುಟ್ಟಿದಾಗಿನಿಂದ ಸಿಗರೇಟೇ ಸೇದಿಲ್ಲ” ಎಂದೆ. ಅತ್ತ ಬಾಗಿಲು ಹಾಕಿಕೊಂಡ ಸದ್ದು. ಆಮೇಲೆ, “ಹನುಮಂತಪ್ನೋರೆ, ಅದನ್ನ ಹಂಗೇ ಒಂದು ಕಾಪಿ ಕಳ್ಸಿ. ನಮ್ಮ ಮನೆಯವರಿಗೆ ತೋರ್ಸೋಣ” ಎಂದರು. ತೋರಿಸಿದರಂತೆ. ಫ್ರೇಮು ಹಾಕಿಸಿ ಗೋಡೆಗೂ ಹಾಕಿದರಂತೆ. ಅದರ ಮರು ವರ್ಷ ಬಚ್ಚಲಲ್ಲಿ ಬಿದ್ದು ಹೋದರು, ಹೃದಯ. ಬಚ್ಚಲ ಕಿಟಕಿಯ ಮೇಲೆ ಬೂದಿ ಇತ್ತು ಎಂದು ಅದೇ ಡ್ರೈವರು ಬಂದು ಹೇಳಿದ.

ಸೂದ್ ಸಾಹೇಬರಿಗೆ ಈ ಪರೀಕ್ಷೆಯ ಮೇಲೆ ಹೊಸ ಮದುಮಗನ ಪ್ರೀತಿ. ಎರಡು ರಬ್ಬರ್ ಸ್ಟಾಂಪು ಮಾಡಿಸಿದರು. ‘ತೇಜ್’, ‘ಧೀಮಾ’. ಬೇಗದವರು, ನಿಧಾನದವರು. ರೋಗಿಯ ಕಾರ್ಡಿನಲ್ಲಿ ರಕ್ತದ ಗುಂಪಿನ ಪಕ್ಕ ಕೆಂಪು ಶಾಯಿಯಲ್ಲಿ ಗುದ್ದುವುದು. ರಕ್ತದ ಗುಂಪಿನ ಹಾಗೆಯೇ ಇದೂ, ಒಮ್ಮೆ ನೋಡಿದರೆ ಮುಗಿಯಿತು, ಜೀವಮಾನಕ್ಕೆ ಅದೇ. ಒಬ್ಬರಿಗೆ ಎರಡನೇ ಸಲ ಪರೀಕ್ಷೆ ಮಾಡುವುದು ಕಿಟ್ ದಂಡ ಎನ್ನುತ್ತಿದ್ದರು. ನಾವೆಲ್ಲ ಹಾಗೆಯೇ ನಂಬಿದ್ದೆವು.

ಚೈತ್ರಾ ಬಂದದ್ದು ಆ ಸ್ಟಾಂಪಿನ ಹೊಸತರಲ್ಲಿ. ಗುರುಗ್ರಾಮದ ಒಂದು ಕಂಪನಿಯಲ್ಲಿ ಕೆಲಸ, ಆಗಷ್ಟೇ ದೆಹಲಿಯ ಹುಡುಗನನ್ನು ಮದುವೆಯಾಗಿ ವಸಂತ್ ಕುಂಜ್‌ನಲ್ಲಿ ಅತ್ತೆಯ ಜೊತೆ ಮನೆ. ನಾನು ಫೋನಿನಲ್ಲಿ ಹೆಂಡತಿಯ ಹತ್ತಿರ ಬೈಸಿಕೊಳ್ಳುವುದು ಕೇಳಿಸಿಕೊಂಡು ಟ್ಯೂಬು ಹಿಡಿದು ನಿಂತವಳು, “ಅಯ್ಯೋ ಅಂಕಲ್, ನೀವು ಕನ್ನಡದವ್ರಾ? ನಮ್ದು ಚಿತ್ರದುರ್ಗ” ಎಂದಳು.

“ಹಂಗಾದ್ರೆ ಉಗಿಯೋಕೆ ಹೇಳಿಕೊಡೋದು ಬೇಡ. ಕೋಟೆ ಮೇಲಿಂದ ಬಸ್ ಸ್ಟ್ಯಾಂಡಿಗೆ ಉಗಿಯೋ ಊರು.”

ನಕ್ಕಳು. ಕುಕ್ಕರು ಸೀಟಿ ಹೊಡೆದ ಹಾಗೆ, ಮೊದಲು ಸುಮ್ಮನಿದ್ದು ಒಮ್ಮೆಲೇ. ಹೊರಗೆ ಕೂತಿದ್ದವರು ಇಣುಕಿ ನೋಡಿದರು. ಆ ನಗುವಿನಲ್ಲಿ ಟ್ಯೂಬು ತುಂಬಿ ಹೋಯಿತು. ಪರೀಕ್ಷೆಯಲ್ಲಿ ನಿಧಾನದವಳು ಎಂದು ಬಂತು. ಕಾರ್ಡಿಗೆ ‘ಧೀಮಾ’ ಗುದ್ದಿದವನು ನಾನೇ. ಪಟ್ಟಿ ಅಂಟಿಸಿಕೊಂಡು ಒಂದೆರಡು ತಿಂಗಳಲ್ಲಿ ಬಿಟ್ಟಳು. ಮಿಠಾಯಿ ಡಬ್ಬಿ ತಂದು, “ಅಂಕಲ್, ಇಷ್ಟು ಸುಲಭ ಅಂತ ಗೊತ್ತಿದ್ರೆ ಕಾಲೇಜಲ್ಲೇ ಬಿಡ್ತಿದ್ದೆ” ಎಂದಳು.

ಬಿಟ್ಟವರು ಮತ್ತೆ ಹಿಡಿಯುವುದು ಈ ಕೆಲಸದಲ್ಲಿ ದಿನನಿತ್ಯದ ಮಾತು. ಅವಳೂ ಹಿಡಿದಿದ್ದಳು, ಆಫೀಸಿನಲ್ಲಿ ಯಾವುದೋ ಕೆಟ್ಟ ವರ್ಷ. ಮತ್ತೆ ನಮ್ಮ ಬಾಗಿಲಿಗೆ ಬಂದಾಗ ಹೊಟ್ಟೆ ಕಾಣುತ್ತಿತ್ತು. ಜೊತೆಗೆ ಅತ್ತೆ. ಮಾಜಿ, ಅಂದರೆ ಅಮ್ಮ, ಎನ್ನುತ್ತಿದ್ದಳು ಅವರನ್ನು. ದಪ್ಪ ಕನ್ನಡಕದ, ಕಡಿಮೆ ಮಾತಿನ ಹೆಂಗಸು. ಗಂಡ ಹೊರಗೆ ಕಾರಿಡಾರಿನಲ್ಲಿ ಫೋನು ಹಿಡಿದು ಆಫೀಸಿನ ಮೀಟಿಂಗಿನಲ್ಲಿದ್ದ.

ಒಳಗೆ ಬಂದವರ ಉಗುಳು ಮೊದಲು ಹಿಡಿಯುವುದು ನನ್ನ ರೂಢಿ. ಹಿಡಿಯುತ್ತಾ ಕೇಳಿದೆ. “ಏನಮ್ಮ, ಪಟ್ಟಿ ಮೇಲೆ ಇಷ್ಟು ಪ್ರೀತಿನಾ, ಮತ್ತೆ ಬಂದಿದೀಯ?”

“ಅಂಕಲ್, ಈ ಸಲ ಏನೋ ಬೇರೆ ಥರ ಆಗ್ತಿದೆ.” ಅತ್ತೆಗೆ ಅರ್ಥವಾಗದಿರಲೆಂದು ಅವಸರದ ಕನ್ನಡದಲ್ಲಿ ಹೇಳಿದಳು. “ಮೊದ್ಲು ಮಧ್ಯಾಹ್ನದ ತನಕ ಇರ್ತಿದ್ದೆ. ಈಗ ಆಫೀಸ್ ತಲುಪೋಷ್ಟರಲ್ಲಿ ಕೈ ನಡುಗುತ್ತೆ. ಬಸುರಿ ಅಂತ ಗೊತ್ತಾದ ದಿನದಿಂದ ಬಿಡ್ತಾನೇ ಇದೀನಿ ಅಂಕಲ್. ದಿನಾ ಬಿಡ್ತೀನಿ. ಬಿಡೋಕೆ ಹೋದಷ್ಟೂ ಜಾಸ್ತಿ ಬೇಕನ್ಸುತ್ತೆ. ಮನೇಲಿ ಇವ್ರು ಏನಂತಾರೆ ಗೊತ್ತಾ? ಇವಳಿಗೆ ಮಗು ಬೇಕಾಗೇ ಇಲ್ಲ ಅಂತ.”

ಒಳಗೆ ಸೂದ್ ಸಾಹೇಬರು ಕಾರ್ಡು ನೋಡಿದರು. ಕೆಂಪು ಸ್ಟಾಂಪು ನೋಡಿದರು. ಇಂಥ ಸ್ಥಿತಿಯಲ್ಲಿ ಮಾತ್ರೆ ಕೊಡುವ ಹಾಗಿಲ್ಲ, ಪಟ್ಟಿಯನ್ನೂ ಸಲೀಸಾಗಿ ಕೊಡುವುದಿಲ್ಲ. ಉಳಿದದ್ದು ಮಾತು. ಅವರ ಮಾತು ಹೇಗಿರುತ್ತಿತ್ತೆಂದರೆ, “ಬೇಟಾ, ನಿನ್ನದು ಧೀಮಾ ಶರೀರ. ಹೋದ ಸಲ ಆರಾಮಾಗಿ ಬಿಟ್ಟಿದ್ದೀಯ. ಆಗ ನಿನಗೋಸ್ಕರ ಬಿಟ್ಟೆ, ಈಗ ಮಗುವಿಗೋಸ್ಕರ ಬಿಡೋಕೆ ಆಗಲ್ವಾ? ಇದು ಶರೀರದ ಕಷ್ಟ ಅಲ್ಲ, ಮನಸ್ಸಿನದು.”

ಅತ್ತೆ ಡಾಕ್ಟರರ ಕಡೆ ನೋಡಿ ತಲೆಯಾಡಿಸಿದರು. ನಾನು ಹೇಳಿದ್ದೂ ಅದೇ ಎಂಬಂತೆ. ಚೈತ್ರಾ ದುಪಟ್ಟಾದ ತುದಿಯನ್ನು ಬೆರಳಿಗೆ ಸುತ್ತಿ ಸುತ್ತಿ ಬೆರಳು ಬಿಳುಚಿಕೊಂಡಿತ್ತು.

ಅವರು ಹೋದ ಮೇಲೆ ನಾನು ಟ್ಯೂಬು ಎತ್ತಿ ತೋರಿಸಿದೆ. “ಸರ್, ಇದನ್ನ ಹಚ್ಚೋಣವಾ?”

“ಒಂದು ಸಲ ಆಗಿದೆಯಲ್ಲ. ಎಸೀರಿ.”

ಈಗ ನನ್ನ ಬುದ್ಧಿ ನೋಡಿ. ಆ ಹುಡುಗಿಗೆ ಏನಾಗಿದೆ ಎಂದು ನನಗೆ ಹೊಳೆದಿತ್ತು, ನಾನು ಅಂಥ ಜಾಣ ಎಂದು ಇಲ್ಲಿ ಬರೆದುಕೊಳ್ಳಬಹುದಿತ್ತು. ಹೊಳೆದಿರಲಿಲ್ಲ. ನನಗೆ ಹೊಳೆದದ್ದು ಬೇರೆ. ಪ್ರತಿ ಸಲ ಯಂತ್ರಕ್ಕೆ ಟ್ಯೂಬುಗಳನ್ನು ಕಳಿಸುವಾಗ ಸೇದದವರ ಉಗುಳು ಎರಡು ಟ್ಯೂಬು ಇಡಬೇಕು; ಅದರಲ್ಲಿ ಏನೂ ಬರಬಾರದು, ಬಂದರೆ ಯಂತ್ರ ತಪ್ಪು ಎಂದು ಗೊತ್ತಾಗಲಿ ಎಂದು. ಆ ಎರಡೂ ಟ್ಯೂಬು ಸೂದ್ ಸಾಹೇಬರದೇ. ಈ ಊರಲ್ಲಿ ನನಗಿಂತ ಶುದ್ಧ ಉಗುಳು ಯಾರದಿದೆ ಎಂದು ತಾವೇ ಉಗಿದು ಕೊಡುತ್ತಿದ್ದರು. ಅದರಲ್ಲಿ ಒಂದನ್ನು ಚೆಲ್ಲಿ ಅವಳದನ್ನು ತುಂಬಿಸಿದೆ. ಶುದ್ಧಾತ್ಮರು ಸಿಗರೇಟು ಸೇದಿದ್ದಾರೆ ಎಂದು ವರದಿ ಬಂದಾಗ ಅವರ ಮುಖ ನೋಡಬೇಕು, ಅಷ್ಟೇ ನನ್ನ ಆಸೆ. ಇನ್ನೊಂದನ್ನು ಹಾಗೇ ಬಿಟ್ಟೆ, ಉಳಿದವರ ಲೆಕ್ಕ ಕೆಡಬಾರದು. ತುಂಟತನಕ್ಕೂ ಒಂದು ಶಿಸ್ತು ಬೇಕು, ಹುಡುಗರೇ.

ಟ್ಯೂಬುಗಳು ಒಂದು ಸಲಕ್ಕೆ ಸಾಲುವಷ್ಟು ಸೇರುವ ತನಕ ಫ್ರೀಜರಿನಲ್ಲಿ ಕಾಯುತ್ತವೆ. ಯಂತ್ರ ನಮ್ಮೊಬ್ಬರದಲ್ಲ, ಇಡೀ ಆಸ್ಪತ್ರೆಯದು. ಆ ಸಲ ಬಹಳ ಕಾದವು. ದೀಪಾವಳಿ ಬಂತು, ಪಟಾಕಿ ಆಯಿತು, ಹೊಗೆ ಇಳಿಯಿತು. ಊರಿಗೆ ಊರೇ ಕೆಮ್ಮಿತು. ಚೈತ್ರಾ ಮತ್ತೆ ಬರಲಿಲ್ಲ. ಬರುತ್ತಾಳೆಂದು ನಾನೂ ಕಾದಿರಲಿಲ್ಲ, ನಿಜ ಹೇಳುತ್ತೇನೆ.

ವರದಿ ಬಂದ ಮಧ್ಯಾಹ್ನ ನಾನು ಬೇಕೆಂದೇ ಅವರ ಕೋಣೆಯಲ್ಲಿ ಕಪಾಟು ಒರೆಸುತ್ತಾ ನಿಂತೆ. ಅವರು ಓದಿದರು. ಕನ್ನಡಕ ತೆಗೆದು ಒರೆಸಿ ಮತ್ತೆ ಓದಿದರು. ನೇರ ಮನೆಗೆ ಫೋನು ಮಾಡಿ ಮಗನನ್ನು ಹಿಡಿದುಕೊಂಡರು. “ನಾಲಾಯಕ್! ಮನೆಯಲ್ಲಿ ಸೇದ್ತಿದೀಯಾ? ಅಪ್ಪನ ಉಗುಳಲ್ಲಿ ಬಂದಿದೆ ನಿನ್ನ ಹೊಗೆ!” ಆ ಹುಡುಗ ಅತ್ತ ಏನು ಹೇಳಿದನೋ, ಇವರ ಟೈ ಒಂದು ಪಕ್ಕಕ್ಕೆ ವಾಲಿತು. ನಾನು ನಗು ತಡೆಯಲಾರದೆ ಕಪಾಟಿಗೆ ಹಣೆ ಒತ್ತಿಕೊಂಡು ನಿಂತೆ.

“ಹನುಮಾನ್ ಜೀ. ಇದು ಯಾರದು?”

“ನಿಮ್ಮದೇ ಸರ್. ಹೆಸರು ಬರೆದಿದೆಯಲ್ಲ.”

“ಹನುಮಾನ್ ಜೀ!”

“ಚೈತ್ರಾ ಅವರದು ಸರ್. ವಸಂತ್ ಕುಂಜ್. ನೀವು ಎಸೀರಿ ಅಂದದ್ದು.”

ಬೈಗುಳ ಬರುತ್ತದೆ ಎಂದು ತಲೆ ತಗ್ಗಿಸಿದೆ. ಬರಲಿಲ್ಲ. ತಲೆ ಎತ್ತಿದರೆ ಅವರು ಕಾಗದವನ್ನೇ ನೋಡುತ್ತಿದ್ದರು. “ಅವಳು ಧೀಮಾ ಅಲ್ವಾ?” ಎಂದರು. ನಾನು ಹೋಗಿ ಹಳೆಯ ವರದಿ ತಂದು ಪಕ್ಕದಲ್ಲಿಟ್ಟೆ. ಒಬ್ಬಳದೇ ಉಗುಳು. ಹಿಂದೆ ನಿಧಾನ, ಈಗ ನಮ್ಮ ವಿಭಾಗದ ಬೇಗದವರ ಸಾಲಿನಲ್ಲೂ ಮುಂದೆ. ಅವರು ಕಂಪ್ಯೂಟರಿನ ಕಡೆ ತಿರುಗಿ ತುಂಬ ಹೊತ್ತು ಓದಿದರು. ಆಮೇಲೆ ಮೆಲ್ಲಗೆ, ನನಗಲ್ಲ, ಆ ಪರದೆಗೆ ಹೇಳುವ ಹಾಗೆ, “ಬಸಿರಿನಲ್ಲಿ ಲಿವರ್ ಈ ಕೆಲಸ ಜೋರಾಗಿ ಮಾಡುತ್ತೆ. ಗೊತ್ತಿರೋ ವಿಷಯ ಇದು. ನಾನು ನೋಡಬೇಕಿತ್ತು” ಎಂದರು.

ನನ್ನ ಬಾಯಿ ಸುಮ್ಮನಿರಲಿಲ್ಲ. “ಹಾಗಾದ್ರೆ ಸರ್, ಈ ಕಾಗದದ ಪ್ರಕಾರ ತಾವು ಬಸುರಿ.”

ಅವರು ನನ್ನನ್ನು ನೋಡಿದ ನೋಟ ಇನ್ನೂ ನೆನಪಿದೆ. ಸಿಟ್ಟಲ್ಲ. “ಅವಳಿಗೆ ಫೋನ್ ಮಾಡಿ” ಎಂದರು. “ನಾನೇ ಮಾತಾಡ್ತೀನಿ. ದಿನಾ ಮಾತಾಡ್ತೀನಿ. ನಿನ್ನ ತಪ್ಪಲ್ಲ ಅಂತಾದರೂ ಹೇಳಬೇಕು.”

ಫೋನು ಎತ್ತಿದ್ದು ಗಂಡ. “ಅಂಕಲ್, ನಾವು ನಿಮ್ಮ ಆಸ್ಪತ್ರೆಯಲ್ಲೇ ಇದೀವಿ. ಎರಡನೇ ಮಹಡಿ” ಎಂದು ಹಿಂದಿಯಲ್ಲಿ ಹೇಳಿದ. ಮಗು ಹುಟ್ಟಿ ಆಗಲೇ ಎರಡು ದಿನವಾಗಿತ್ತು. ಹುಟ್ಟಬೇಕಾದ ಹೊತ್ತಿಗಿಂತ ಬಹಳ ಮೊದಲು.

ಇಬ್ಬರೂ ಹೋದೆವು. ಸೂದ್ ಸಾಹೇಬರು ಲಿಫ್ಟಿಗೆ ಕಾಯದೆ ಮೆಟ್ಟಿಲು ಇಳಿದರು. ಗಾಜಿನಾಚೆ ಸಾಲು ಪೆಟ್ಟಿಗೆಗಳು, ಒಂದರಲ್ಲಿ ಅವಳ ಗಂಡು ಮಗು. ನನ್ನ ಅಂಗೈಯಷ್ಟು, ಮೂಗಿಗೆ ನಳಿಕೆ. ಈಚೆ ಬೆಂಚಿನ ಮೇಲೆ ಚೈತ್ರಾ. ಅದೇ ಬೆಂಚಿನ ಇನ್ನೊಂದು ತುದಿಯಲ್ಲಿ ಅತ್ತೆ. ನಡುವೆ ಒಂದು ಚೀಲ.

ಸೂದ್ ಸಾಹೇಬರು ಅತ್ತೆಯ ಮುಂದೆ ನಿಂತು ಎಲ್ಲ ಹೇಳಿದರು. ಅವರಿಗೆ ಅರ್ಥವಾಗದಿದ್ದಾಗ ನಾನು ನನ್ನ ಮುರುಕು ಹಿಂದಿಯಲ್ಲಿ ಟ್ಯಾಂಕಿನ ಕಥೆ ಹೇಳಿದೆ. ಬಸುರಿಯಾದ ಮೇಲೆ ಈ ಹುಡುಗಿಯ ಟ್ಯಾಂಕು ಸೋರಲಿಕ್ಕೆ ಶುರುವಾಯಿತು ಮಾಜಿ, ಹಾಗಾಗಿ ಒದ್ದಾಟ ಹೆಚ್ಚಾಯಿತು, ಮನಸ್ಸಿಲ್ಲದೆ ಅಲ್ಲ. ಅವರು ಪೂರ್ತಿ ಕೇಳಿದರು. ಕನ್ನಡಕ ಸರಿ ಮಾಡಿಕೊಂಡು ಡಾಕ್ಟರರನ್ನೇ ನೋಡಿ ಒಂದೇ ಮಾತು ಕೇಳಿದರು. “ಹಾಗಿದ್ರೆ ಆವತ್ತು ಅವಳ ಮನಸ್ಸು ಸರಿಯಿಲ್ಲ ಅಂತ ಯಾಕೆ ಅಂದ್ರಿ? ನಾನು ಮನೆಗೆ ಹೋಗಿ ದಿನಾ ಅದನ್ನೇ ಅಂದೆ.”

ಇಲ್ಲಿ ನೀವು ನಂಬುವುದಿಲ್ಲ, ನನಗೆ ಗೊತ್ತು. ಸೂದ್ ಸಾಹೇಬರು ಟೈ ಸಡಿಲ ಮಾಡಿಕೊಂಡರು. “ಗಲ್ತಿ ಹಮಾರೀ ಹೈ” ಎಂದರು. ತಪ್ಪು ನಮ್ಮದು. ಕಾರಿಡಾರಿನಲ್ಲಿ, ಎರಡು ನರ್ಸುಗಳ ಎದುರಿಗೆ. ದೆಹಲಿಯ ದೊಡ್ಡ ಡಾಕ್ಟರರ ಬಾಯಲ್ಲಿ ಆ ಮಾತನ್ನು ನಾನು ಮೊದಲೂ ಕೇಳಿರಲಿಲ್ಲ, ಆಮೇಲೂ ಕೇಳಲಿಲ್ಲ. ಅತ್ತೆ ಚೀಲ ಎತ್ತಿ ಆಚೆಗಿಟ್ಟು ಸೊಸೆಯ ಹತ್ತಿರ ಸರಿದು ಕೂತರು.

ಅತ್ತೆಯೂ ಗಂಡನೂ ಚಹಾ ತರಲು, ಡಾಕ್ಟರು ವಾರ್ಡಿನವರ ಹತ್ತಿರ ಮಾತಾಡಲು ಹೋದಾಗ ನಾನು ಚೈತ್ರಾಳ ಪಕ್ಕ ಕೂತೆ. ನನಗೆ ಗೊತ್ತಿರುವುದು ಒಂದೇ ವಿದ್ಯೆ. ಕನ್ನಡದಲ್ಲಿ ಹೇಳಿದೆ, ಅವಳ ಉಗುಳು ಸಾಹೇಬರ ಟ್ಯೂಬು ಸೇರಿದ್ದು, ಅವರು ಮಗನಿಗೆ ಬೈದದ್ದು, ಕಾಗದದ ಮೇಲೆ ಅವರೇ ಬಸುರಿಯಾದದ್ದು. ಚೈತ್ರಾ ನಕ್ಕಳು. ಕುಕ್ಕರು ಸೀಟಿಯ ಹಾಗೆಯೇ, ಮೊದಲು ಸುಮ್ಮನಿದ್ದು ಒಮ್ಮೆಲೇ. ನರ್ಸು ಬಾಗಿಲು ತೆಗೆದು ಬೆರಳು ತುಟಿಗಿಟ್ಟು ಹೋದಳು.

ಮಗು ಆ ಪೆಟ್ಟಿಗೆಯಿಂದ ಹೊರಗೆ ಬರಲಿಲ್ಲ. ಬೇಗ ಹುಟ್ಟಿದ್ದು ಸಿಗರೇಟಿನಿಂದಲೇ ಎಂದು ಯಾರೂ ಆಣೆ ಮಾಡಿ ಹೇಳಲಾರರು, ಅಲ್ಲ ಎಂದೂ ಹೇಳಲಾರರು. ಆ ಕಾಗದ ಮೊದಲೇ ಬಂದಿದ್ದರೆ ಅವಳಿಗೆ ಕೊಡಲು ನಮ್ಮಲ್ಲಿ ಬೇರೆ ಔಷಧಿ ಇತ್ತೆಂದೂ ಅಲ್ಲ. ಬಯ್ಯುವ ಬದಲು ಪಕ್ಕದಲ್ಲಿ ಕೂರುತ್ತಿದ್ದೆವು. ಅಷ್ಟರಿಂದ ಬಿಡುತ್ತಿದ್ದಳೋ ಇಲ್ಲವೋ. ಹೊಸಬರಾದ ನಿಮಗೆ ನಾನು ಕೊಡಬಲ್ಲ ವಿದ್ಯೆ ಇಷ್ಟು: ವರದಿ ತೆಗೆದ ದಿನದ ಮನುಷ್ಯನೇ ಇವತ್ತೂ ಎದುರಿಗೆ ಕೂತಿದ್ದಾನೆ ಎಂದುಕೊಳ್ಳಬೇಡಿ.

ಸೂದ್ ಸಾಹೇಬರು ಮಾರನೆಯ ದಿನ ಎರಡೂ ಸ್ಟಾಂಪುಗಳನ್ನು ತಾವೇ ಎತ್ತಿ ಕಸದ ಬುಟ್ಟಿಗೆ ಹಾಕಿದರು. ಬಸುರಿಯರಿಗೆಲ್ಲ ಮರುಪರೀಕ್ಷೆ ಎಂದು ಆದೇಶ ಬರೆದರು. ಟ್ಯೂಬು ಬದಲಿಸಿದ್ದಕ್ಕೆ ನನಗೆ ಮೆಮೊ ಕೊಟ್ಟರು. ಅದನ್ನು ಮಾತ್ರ ನಾನು ಫ್ರೇಮು ಹಾಕಿಸಿಲ್ಲ. ‘ಇಚ್ಛಾಶಕ್ತಿ ಸಾಲದು’ ಎಂಬ ಸಾಲನ್ನು ಅವರು ಮತ್ತೆ ಯಾರ ಕಡತದಲ್ಲೂ ಬರೆಯಲಿಲ್ಲ. ಹಳೆಯ ಕಡತಗಳಲ್ಲಿ ಅದು ಹಾಗೇ ಇದೆ. ಹೊಡೆದು ಹಾಕೋಣವೆಂದರೆ ಆ ಜನ ಎಲ್ಲಿದ್ದಾರೆ? ಚೈತ್ರಾ ಎಲ್ಲಿದ್ದಾಳೆ ಎಂದೂ ನನಗೆ ಗೊತ್ತಿಲ್ಲ. ವಸಂತ್ ಕುಂಜ್ ಬಿಟ್ಟರು ಎಂದು ಕೇಳಿದೆ.

ಈಗ ನಾನು ಲಕ್ಷ್ಮೀ ನಗರದಲ್ಲಿ ಬಾಡಿಗೆ ಮನೆಯ ಬಾಲ್ಕನಿಯಲ್ಲಿ ಕೂತಿರುತ್ತೇನೆ. ಕೆಳಗೆ ಕೋಚಿಂಗ್ ಕ್ಲಾಸು, ಅದರ ಪಕ್ಕ ಬಿಡಿ ಸಿಗರೇಟಿನ ಅಂಗಡಿ. “ಭಯ್ಯಾ, ಏಕ್ ದೇನಾ”, ಒಂದು ಕೊಡಿ, ಎಂದು ಮಕ್ಕಳು ಬರುತ್ತಾರೆ. ಒಂದು ಕ್ಲಾಸು ಮುಗಿಯುವ ತನಕ ಮತ್ತೆ ಬರದವರು ಕೆಲವರು. ನಡುವೆಯೇ ಎದ್ದು ಓಡಿ ಬರುವವರು ಕೆಲವರು. ಆ ಓಡಿ ಬರುವವರನ್ನು ಅವರ ಗೆಳೆಯರು ಗೇಲಿ ಮಾಡುತ್ತಾರೆ, “ಕಂಟ್ರೋಲೇ ಇಲ್ಲ ನಿನಗೆ” ಎಂದು. ನಾನು ಮೇಲಿಂದ ಏನೂ ಹೇಳುವುದಿಲ್ಲ. ಮುದುಕರ ಮಾತು ಯಾರಿಗೆ ಬೇಕು.

ಸರಿ, ಸುಳ್ಳು ಯಾವುದು, ಹಿಡಿದಿರಾ? ಬೋರ್ಡು ಇತ್ತು. ಅಧಿಕಾರಿಯ ಫ್ರೇಮು ಇತ್ತು. ಸೂದ್ ಸಾಹೇಬರು ತಪ್ಪು ಒಪ್ಪಿಕೊಂಡದ್ದೇ ಸುಳ್ಳು ಎಂದು ನೀವು ಬೆರಳು ತೋರಿಸುತ್ತಿದ್ದೀರಿ, ಪಂದ್ಯ ಕಟ್ಟುತ್ತೇನೆ. ಸೋತಿರಿ. ಒಪ್ಪಿಕೊಂಡರು.

ಚೈತ್ರಾ ನಗಲಿಲ್ಲ.

ನಾನು ಹೇಳಿದ್ದೆಲ್ಲ ಹೇಳಿದೆ. ಕೈ ಬಾಯಿ ತಿರುಗಿಸಿ, ಸಾಹೇಬರ ಟೈ ವಾಲಿದ್ದನ್ನೂ ಮಾಡಿ ತೋರಿಸಿದೆ. ನಾನು ಮುಗಿಸುವ ತನಕ ಅವಳು ಗಾಜಿನಾಚೆ ನೋಡುತ್ತಾ ಕಾದಳು. ಆಮೇಲೆ ಕೇಳಿದಳು.

“ಅಂದ್ರೆ ಅಂಕಲ್, ಇವನಿಗೋಸ್ಕರ ಬಿಡ್ಬೇಕಿತ್ತು. ಇವನು ಹೊಟ್ಟೇಲಿ ಇದ್ದಿದ್ದಕ್ಕೇ ಬಿಡೋಕೆ ಆಗ್ಲಿಲ್ಲ. ಅಷ್ಟೇ ತಾನೆ?”

ಅಷ್ಟೇ ಮಗಳೇ, ಎಂದೆ.